ಪ್ರಶ್ನೋತ್ತರ: ಬೀಗ ಒಡೆದು ಸೇರಿಕೊಂಡವರು ಒಳಗಿರುವಾಗಲೇ ಮನೆ ಮಾರಬಹುದಾ?

ಪ್ರಶ್ನೆ

ಮೇಡಂ, ನಮಸ್ಕಾರ. ಅಪ್ಪ ತೀರಿಕೊಂಡ ಮೇಲೆ ಅವರ ಮನೆ ನನಗೂ ತಂಗಿಗೂ ಬಂತು. ಅಮ್ಮ ಮೊದಲೇ ಹೋಗಿದ್ದರು. ನಾವಿಬ್ಬರೂ ದೂರದಲ್ಲಿದ್ದೇವೆ, ಹಾಗಾಗಿ ಒಂದೂವರೆ ವರ್ಷದಿಂದ ಮನೆಗೆ ಬೀಗ ಹಾಕಿತ್ತು. ಹೋದ ತಿಂಗಳು ಹೋಗಿ ನೋಡಿದರೆ ಬಾಗಿಲಲ್ಲಿ ಬೇರೆ ಬೀಗ. ಒಳಗೆ ಒಂದು ಸಂಸಾರ. "ನಾವು ಬಾಡಿಗೆಗೆ ಬಂದಿದ್ದೇವೆ, ಓನರ್‌ಗೆ ಅಡ್ವಾನ್ಸ್ ಕೊಟ್ಟಿದ್ದೇವೆ" ಅನ್ನುತ್ತಾರೆ. ಯಾವ ಓನರ್ ಅಂದರೆ ಬಾಯಿ ಬಿಡುವುದಿಲ್ಲ. ಪೊಲೀಸರ ಹತ್ತಿರ ಹೋದರೆ ಇದು ಸಿವಿಲ್ ಮ್ಯಾಟರ್ ಅಂದರು.

ಈಗ ಒಬ್ಬ ಬ್ರೋಕರ್ ಒಂದು ಪಾರ್ಟಿ ತಂದಿದ್ದಾರೆ. ಜನ ಇದ್ದ ಹಾಗೇ ತೆಗೆದುಕೊಳ್ಳುತ್ತಾರಂತೆ. ಬ್ಯಾಂಕ್ ಲೋನ್ ಇಲ್ಲ, ರೆಡಿ ಕ್ಯಾಶ್, ಒಂದೇ ವಾರದಲ್ಲಿ ಮುಗಿಸೋಣ ಅನ್ನುತ್ತಾರೆ. ಆದರೆ ಕೇಳುತ್ತಿರುವುದು ಅರ್ಧ ಬೆಲೆಗೆ. "ಕೊಟ್ಟು ಕೈ ತೊಳೆದುಕೊಳ್ಳೋಣ ಅಣ್ಣಾ" ಅಂತ ತಂಗಿ ಅಳುತ್ತಾಳೆ. ಮಾರಬಹುದಾ? ಮಾರಿದ ಮೇಲೆ ಏನಾದರೂ ನಮ್ಮ ತಲೆಗೆ ಬರುತ್ತದಾ?

ಇನ್ನೊಂದು ವಿಷಯ. ಹಳೆಯ ಕರೆಂಟ್ ಬಿಲ್‌ಗಳನ್ನು ತೆಗೆದು ನೋಡಿದೆ. ಮೊದಲು ಬರೀ ಮಿನಿಮಮ್ ಬರುತ್ತಿತ್ತು. ನಾಲ್ಕು ತಿಂಗಳಿಂದ ಯೂನಿಟ್ ಏರಿದೆ.

ವಕೀಲರ ಉತ್ತರ

ನಿಮ್ಮ ಪ್ರಶ್ನೆಯ ಕೊನೆಯ ಮೂರು ಸಾಲು ಇದೆಯಲ್ಲ, ನಿಮ್ಮ ಕೇಸಿನ ಜೀವ ಅಲ್ಲೇ ಇದೆ. ಅದಕ್ಕೆ ಬರುತ್ತೇನೆ. ಮೊದಲು ಕೇಳಿದ್ದಕ್ಕೆ ಉತ್ತರ.

ಮಾರಬಹುದು. ಮಾಲೀಕತ್ವ ಬೇರೆ, ಸ್ವಾಧೀನ ಬೇರೆ. ಯಾರೋ ಒಳಗೆ ಸೇರಿಕೊಂಡ ಮಾತ್ರಕ್ಕೆ ಮಾರುವ ಹಕ್ಕು ಹೋಗುವುದಿಲ್ಲ. ನೀವೂ ತಂಗಿಯೂ ಇಬ್ಬರೂ ಸಹಿ ಹಾಕಬೇಕು, ಅಷ್ಟೇ. ಇಂಥ ಮನೆಗೆ ರೆಡಿ ಕ್ಯಾಶ್ ಪಾರ್ಟಿಗಳೇ ಬರುವುದಕ್ಕೆ ಕಾರಣವೂ ಸರಳ. ಲೋನ್ ಕೊಡುವ ಬ್ಯಾಂಕು ಮನೆ ನೋಡಲು ಜನ ಕಳಿಸುತ್ತದೆ. ಬಾಗಿಲು ತೆಗೆದವರು ಮಾಲೀಕರಲ್ಲ ಅಂತ ಗೊತ್ತಾದರೆ ಫೈಲು ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಸ್ವಂತ ದುಡ್ಡು ಇದ್ದವರು ಮಾತ್ರ ಉಳಿಯುತ್ತಾರೆ, ಬೆಲೆಯನ್ನೂ ಅವರೇ ಹೇಳುತ್ತಾರೆ.

ಅವರು ಹೇಳುವ ಬೆಲೆಯಲ್ಲಿ ಕಡಿಮೆಯಾಗಿರುವುದು ಏನು? ಕೋರ್ಟಿನ ಖರ್ಚು, ಕಾಯುವ ಕಾಲ, ಮತ್ತು ನಿಮ್ಮ ಹೆದರಿಕೆ. ಮೊದಲ ಎರಡಕ್ಕೆ ಬೆಲೆ ಕಡಿಮೆ ಮಾಡುವುದು ನ್ಯಾಯ. ಮೂರನೆಯದಕ್ಕೆ ನೀವು ಯಾಕೆ ದುಡ್ಡು ಬಿಡಬೇಕು?

ಈಗ ಕರೆಂಟ್ ಬಿಲ್. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಂತ ಒಂದಿದೆ. ಒಪ್ಪಿಗೆ ಇಲ್ಲದೆ, ಕಾನೂನಿನ ದಾರಿ ಬಿಟ್ಟು ನಿಮ್ಮ ಸ್ವಾಧೀನ ಕಿತ್ತುಕೊಂಡರೆ, ಆರು ತಿಂಗಳೊಳಗೆ ದಾವೆ ಹಾಕಿ ವಾಪಸ್ ಕೇಳಬಹುದು. ಈ ದಾವೆಯಲ್ಲಿ ಮಾಲೀಕತ್ವ ಸಾಬೀತು ಮಾಡುವ ಗೋಜಿಲ್ಲ. ಮೊದಲು ನಮ್ಮ ಕೈಯಲ್ಲಿತ್ತು, ಹೀಗೆ ಕಿತ್ತುಕೊಂಡರು ಅಂತ ತೋರಿಸಿದರೆ ಸಾಕು. ಬಂದ ತೀರ್ಪಿನ ಮೇಲೆ ಅಪೀಲಿಗೂ ಅವಕಾಶವಿಲ್ಲ. ಆರು ತಿಂಗಳು ಅನ್ನುವುದು ದಾವೆ ಹಾಕುವುದಕ್ಕೆ, ತೀರ್ಪಿಗಲ್ಲ. ಆದರೂ ಮಾಲೀಕತ್ವದ ಮೇಲೆ ಹಾಕುವ ದಾವೆಗಿಂತ ಇದರಲ್ಲಿ ವಾದಕ್ಕೆ ಇರುವ ವಿಷಯ ತುಂಬಾ ಕಡಿಮೆ.

ನಿಮ್ಮ ಮೀಟರ್ ನಾಲ್ಕು ತಿಂಗಳು ಅನ್ನುತ್ತಿದೆ. ಅಂದರೆ ನಿಮಗೆ ಉಳಿದಿರುವುದು ಹೆಚ್ಚೆಂದರೆ ಎರಡು ತಿಂಗಳು. ಪಾರ್ಟಿ ಒಂದು ವಾರ ಅಂತ ಅವಸರ ಮಾಡುತ್ತಿದ್ದಾರೆ, ನಿಜವಾದ ಅವಸರ ಇಲ್ಲಿದೆ. ಈ ಗಡುವು ದಾಟಿದರೂ ಮನೆ ಹೋಗುವುದಿಲ್ಲ. ಮಾಲೀಕತ್ವದ ಆಧಾರದ ಮೇಲೆ ದಾವೆ ಹಾಕಲು ಲಿಮಿಟೇಷನ್ ಕಾಯ್ದೆ, ಅಂದರೆ ದಾವೆಗಳಿಗೆ ಗಡುವು ಹಾಕುವ ಕಾನೂನು, 12 ವರ್ಷ ಕೊಡುತ್ತದೆ. ಹತ್ತಿರದ ದಾರಿ ಮುಚ್ಚುತ್ತದೆ, ಅಷ್ಟೇ.

ಪೊಲೀಸ್ ದೂರು ಬರೆದು ಕೊಡಿ, ಹಿಂಬರಹ (ಅವರ ಲಿಖಿತ ಉತ್ತರ) ಕೇಳಿ. ಬಾಯಲ್ಲಿ ಹೇಳಿ ಬಂದರೆ ಏನೂ ಉಳಿಯುವುದಿಲ್ಲ. ಮನೆಯೊಳಗೆ ಅತಿಕ್ರಮವಾಗಿ ನುಗ್ಗುವುದು ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನಲ್ಲಿ ಅಪರಾಧ. ಮತ್ತೆ ಆ ಸಂಸಾರದ ಹತ್ತಿರ ಇನ್ನೊಂದು ಸಲ ಸಮಾಧಾನವಾಗಿ ಮಾತಾಡಿ. ಅವರು ಹೇಳುತ್ತಿರುವುದು ನಿಜವೇ ಇರಬಹುದು. ಯಾರೋ ಬೀಗ ಒಡೆದು, ನಾನೇ ಓನರ್ ಅಂತ ಅಡ್ವಾನ್ಸ್ ಎತ್ತಿಕೊಂಡು ಹೋಗಿರಬಹುದು. ಹಾಗಿದ್ದರೆ ಅವರೂ ಮೋಸ ಹೋದವರು. ದುಡ್ಡು ಕಳಿಸಿದ ನಂಬರ್ ಅವರ ಫೋನಿನಲ್ಲೇ ಇರುತ್ತದೆ, ಅಲ್ವಾ? ಅದು ಸಿಕ್ಕರೆ ದೂರಿಗೂ ಬಲ, ಅವರಿಗೂ ಬಿಟ್ಟು ಹೋಗಲು ಒಂದು ದಾರಿ.

ಪ್ರಶ್ನೆ ಕೇಳಿದವರು

ಮೇಡಂ, ಎರಡು ತಿಂಗಳು ಅಂತ ಓದಿ ಎದೆ ಧಸಕ್ ಅಂತು. ಆದರೆ ಕೋರ್ಟು ಅಂದರೆ ತಂಗಿಗೆ ಭಯ. ಪಾರ್ಟಿ ಕಳಿಸಿದ ಕರಡಿನಲ್ಲಿ ಮೂರು ಸಾಲು ಟೈಪ್ ಮಾಡಿ ಹಾಕಿದ್ದೇನೆ, ನೋಡಿ. ಒಂದು: "ಸದರಿ ಸ್ವತ್ತನ್ನು ತಮಗೆ ಅಥವಾ ತಾವು ತೋರಿಸುವವರ ಹೆಸರಿಗೆ ಕ್ರಯಕ್ಕೆ ಕೊಡಲು ಒಪ್ಪಿರುತ್ತೇವೆ." ಎರಡು: "ಸ್ವತ್ತನ್ನು ಈ ದಿವಸವೇ ಖಾಲಿಯಾಗಿ ತಮ್ಮ ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುತ್ತೇವೆ." ಮೂರು: "ಮುಂದೆ ಯಾವುದೇ ತಂಟೆ ತಕರಾರು ಬಂದಲ್ಲಿ ನಮ್ಮ ಸ್ವಂತ ಖರ್ಚಿನಲ್ಲಿ ಪರಿಹರಿಸಿಕೊಡಲು ಬದ್ಧರಾಗಿರುತ್ತೇವೆ." ಇದರ ಜೊತೆ ಒಂದು ಜಿಪಿಎ, ಅಂದರೆ ನಮ್ಮ ಪರವಾಗಿ ಎಲ್ಲ ಮಾಡಲು ಅಧಿಕಾರ ಕೊಡುವ ಪತ್ರ, ಕೂಡ ಮಾಡಿಕೊಡಿ ಅಂತಾರೆ.

ವಕೀಲರ ಉತ್ತರ

ಸಹಿ ಹಾಕುವ ಮುಂಚೆ ಇಲ್ಲಿ ಹಾಕಿದ್ದು ಒಳ್ಳೆಯದಾಯಿತು. ಮೂರೂ ಸಾಲು ತೊಂದರೆಯವೇ.

"ತಾವು ತೋರಿಸುವವರ ಹೆಸರಿಗೆ" ಅಂದರೆ ಇವರು ಕೊಳ್ಳುವವರೇ ಅಲ್ಲದೆ ಇರಬಹುದು. ನಿಮ್ಮಿಂದ ಅಗ್ರಿಮೆಂಟ್ ಮಾಡಿಸಿಕೊಂಡು, ಅದನ್ನೇ ಹಿಡಿದು ಇನ್ನೊಬ್ಬರನ್ನು ಹುಡುಕುತ್ತಾರೆ. ಸಿಕ್ಕರೆ ನಡುವಿನ ಲಾಭ ಅವರದ್ದು. ಸಿಗದೇ ಹೋದರೆ ನಿಮ್ಮ ಮನೆ ಅಗ್ರಿಮೆಂಟಿಗೆ ಸಿಕ್ಕಿಕೊಂಡು ಕೂತಿರುತ್ತದೆ. ಒಳಗೊಬ್ಬರು ಕೂತದ್ದು ಸಾಲದು ಅಂತ ಹೊರಗೂ ಒಬ್ಬರು ಕೂತ ಹಾಗೆ. ದುಡ್ಡು ನಿಜವಾಗಿ ಇದೆಯಾ ಅಂತ ತಿಳಿಯಲು ಬ್ಯಾಂಕಿನ ಸ್ಟೇಟ್‌ಮೆಂಟ್ ಕೇಳಿ. ಇರುವವರು ತೋರಿಸುತ್ತಾರೆ.

ಎರಡನೆಯ ಸಾಲು ಹಳೆಯ ಕ್ರಯಪತ್ರದಿಂದ ಹಾಗೇ ಎತ್ತಿ ಹಾಕಿದ್ದು. ಎಲ್ಲ ಪತ್ರದಲ್ಲೂ ಇರುತ್ತದೆ, ಅದಕ್ಕೇ ಯಾರೂ ಓದುವುದಿಲ್ಲ. ನಿಮ್ಮ ಮನೆ ಖಾಲಿ ಇಲ್ಲ, ಆದರೆ ಖಾಲಿ ಮಾಡಿ ಕೊಟ್ಟಿದ್ದೇವೆ ಅಂತ ನೀವು ಸಹಿ ಹಾಕುತ್ತಿದ್ದೀರಿ. ಅದರ ಮೇಲೆ ಮೂರನೆಯ ಸಾಲು ಸೇರಿದರೆ? ಒಳಗಿರುವವರನ್ನು ಬಿಡಿಸುವ ಖರ್ಚೆಲ್ಲ ನಿಮ್ಮದು. ಅಂದರೆ ಅರ್ಧ ಬೆಲೆಯನ್ನೂ ಬಿಟ್ಟಿರಿ, ಕೇಸನ್ನೂ ನೀವೇ ಹೊತ್ತಿರಿ. ನನ್ನ ಕಕ್ಷಿದಾರರೊಬ್ಬರು ಹೀಗೇ ಸಹಿ ಹಾಕಿ, ಮಾರಿ ಒಂದು ವರ್ಷ ಆದ ಮೇಲೆ ಕೊಂಡವರ ನೋಟಿಸ್ ಹಿಡಿದುಕೊಂಡು ನನ್ನ ಮುಂದೆ ಕೂತಿದ್ದರು. ವಯಸ್ಸಾದವರು. ಆ ಕಾಗದ ಅವರ ಕೈಯಲ್ಲಿ ನಡುಗುತ್ತಿದ್ದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇದ್ದದ್ದನ್ನು ಇದ್ದ ಹಾಗೆ ಬರೆಸಿ. ಸ್ವತ್ತಿನಲ್ಲಿ ಮೂರನೆಯವರು ನಮ್ಮ ಒಪ್ಪಿಗೆ ಇಲ್ಲದೆ ವಾಸವಾಗಿದ್ದಾರೆ, ಇಂಥ ತಾರೀಕಿನಿಂದ ಇದ್ದಾರೆ, ಇಂಥ ದೂರು ಕೊಟ್ಟಿದ್ದೇವೆ, ಕೊಳ್ಳುವವರು ಮನೆಯನ್ನು ಕಣ್ಣಾರೆ ನೋಡಿ ತಿಳಿದೇ ಕೊಳ್ಳುತ್ತಿದ್ದಾರೆ, ಬಿಡಿಸಿಕೊಳ್ಳುವ ಹೊಣೆಯೂ ಖರ್ಚೂ ಅವರದ್ದು. ಇಷ್ಟೂ ಪತ್ರದೊಳಗೇ ಬರಬೇಕು. ಸ್ವತ್ತಿನ ದೋಷ ಮುಚ್ಚಿಡಬಾರದು ಅಂತ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಹೇಳುತ್ತದೆ. ಬರೆದರೆ ಬೆಲೆ ಇಳಿಯುತ್ತದೆ ಅಂತ ಬ್ರೋಕರ್ ಹೆದರಿಸಬಹುದು. ಆದರೆ ಬೆಲೆಯನ್ನು ಅವರು ಆಗಲೇ ಇಳಿಸಿದ್ದಾರಲ್ಲ!

ಜಿಪಿಎ ಬೇಡವೇ ಬೇಡ. ಜಿಪಿಎ ಮತ್ತು ಅಗ್ರಿಮೆಂಟಿನಿಂದ ಮಾಲೀಕತ್ವ ವರ್ಗಾವಣೆ ಆಗುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು ಅಂತ ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಸ್ಪಷ್ಟ ಮಾಡಿದೆ. ದಾಖಲೆಯಲ್ಲಿ ಮಾಲೀಕರು ನೀವೇ ಇರುತ್ತೀರಿ, ಮನೆ ಹತ್ತಿರ ಏನು ಮಾಡಬೇಕೋ ಅದನ್ನು ನಿಮ್ಮ ಹೆಸರಿನಲ್ಲಿ ಅವರು ಮಾಡುತ್ತಾರೆ. ನಾಳೆ ಅಲ್ಲಿ ಕೈಮಿಲಾಯಿಸಿದರೆ ಕರೆ ಬರುವುದು ನಿಮಗೆ.

ಇನ್ನು ರೆಡಿ ಕ್ಯಾಶ್. ಲೋನ್ ಇಲ್ಲದೆ ಪೂರ್ತಿ ಹಣ ಅನ್ನುವ ಅರ್ಥದಲ್ಲಿ ಸರಿ. ನೋಟಿನ ಕಟ್ಟು ಅಂತಾದರೆ ಮುಟ್ಟಬೇಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯುವುದನ್ನು 2015ರ ಜೂನ್ 1ರಿಂದ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ದಂಡ ತೆಗೆದುಕೊಂಡವರಿಗೆ, ಅದೂ ತೆಗೆದುಕೊಂಡಷ್ಟೇ ಮೊತ್ತ.

ಅರ್ಧ ಬೆಲೆಗೆ ಮಾರುವುದರಲ್ಲಿ ಇನ್ನೊಂದು ಹೊಡೆತ ಇದೆ, ಇದನ್ನು ಬ್ರೋಕರ್ ಹೇಳುವುದಿಲ್ಲ. ಖಾಲಿ ಮನೆಗೆ ನೂರು ಅಂದುಕೊಳ್ಳಿ. ನಿಮಗೆ ಬರುವುದು ಐವತ್ತು. ಸರ್ಕಾರ ಆ ಜಾಗಕ್ಕೆ ಗೊತ್ತು ಮಾಡಿರುವ ಮಾರ್ಗಸೂಚಿ ಬೆಲೆ ಎಂಬತ್ತು ಇದ್ದರೆ, ಸ್ಟಾಂಪ್ ಡ್ಯೂಟಿಗೂ ಎಂಬತ್ತು, ನಿಮ್ಮ ಕ್ಯಾಪಿಟಲ್ ಗೇನ್ಸ್ (ಮಾರಿದ ಲಾಭದ ಮೇಲಿನ ತೆರಿಗೆ) ಲೆಕ್ಕಕ್ಕೂ ಎಂಬತ್ತು. ಶೇಕಡಾ 10ರೊಳಗಿನ ವ್ಯತ್ಯಾಸಕ್ಕೆ ಮಾತ್ರ ವಿನಾಯಿತಿ. ಕೈಗೆ ಬಾರದ ಮೂವತ್ತಕ್ಕೂ ತೆರಿಗೆ ಲೆಕ್ಕ ಹಾಕಿಸಿಕೊಳ್ಳುತ್ತೀರಿ. ಮನೆಯಲ್ಲಿ ಬೇರೆಯವರು ಕೂತಿದ್ದಾರೆ, ಅದಕ್ಕೇ ಇಷ್ಟು ಕಡಿಮೆ ಬಂತು ಅಂತ ತೆರಿಗೆ ಅಧಿಕಾರಿಯ ಮುಂದೆ ಹೇಳಿ, ಮೌಲ್ಯಮಾಪನಾಧಿಕಾರಿಗೆ ಕಳಿಸಿ ಅಂತ ಕೇಳಬಹುದು. ಹಾಗೆ ಕೇಳಬೇಕಾದರೆ ಪತ್ರದಲ್ಲಿ ನಿಜ ಬರೆದಿರಬೇಕು. "ಖಾಲಿಯಾಗಿ ಬಿಟ್ಟುಕೊಟ್ಟಿರುತ್ತೇವೆ" ಅಂತ ಸಹಿ ಹಾಕಿದವರ ಮಾತನ್ನು ಯಾರು ಕೇಳುತ್ತಾರೆ?

ಇನ್ನೊಬ್ಬ ಸದಸ್ಯರು

ಮಧ್ಯೆ ಬಂದೆ, ಕ್ಷಮಿಸಿ. ಇಷ್ಟೆಲ್ಲ ಯಾಕೆ? ನಾಲ್ಕು ಜನ ಹುಡುಗರನ್ನು ಕರೆದುಕೊಂಡು ಹೋಗಿ ಸಾಮಾನು ಹೊರಗೆ ಇಟ್ಟರೆ ಮುಗೀತು. ಇಲ್ಲಾಂದ್ರೆ ಕರೆಂಟ್, ನೀರು ಕಟ್ ಮಾಡಿಸಿ.

ವಕೀಲರ ಉತ್ತರ

ದಯವಿಟ್ಟು ಈ ಸಲಹೆ ಯಾರಿಗೂ ಕೊಡಬೇಡಿ. ನೆಲೆಯೂರಿ ಕೂತವರನ್ನು ನಿಜವಾದ ಮಾಲೀಕನೂ ತೋಳ್ಬಲದಿಂದ ಹೊರಹಾಕುವಂತಿಲ್ಲ, ಕಾನೂನಿನ ದಾರಿಯಲ್ಲೇ ಹೋಗಬೇಕು ಅಂತ ರಾಮೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹುಡುಗರನ್ನು ಕಳಿಸಿದ ಮರುದಿನ ಅವರು ತಡೆಯಾಜ್ಞೆಗೆ ಹೋಗುತ್ತಾರೆ. ಅಲ್ಲಿಯವರೆಗೆ ದೂರುದಾರರಾಗಿದ್ದ ನೀವು ಆರೋಪಿ. ಮತ್ತೆ ಆ ಮನೆಯಲ್ಲಿ ಮಕ್ಕಳಿರಬಹುದು, ಅದನ್ನೂ ಯೋಚಿಸಿ.

ಕರೆಂಟ್ ಕಟ್ ಮಾಡಿಸಿದರೆ ಇವರ ಕೇಸಿಗೇ ನಷ್ಟ. ತಿಂಗಳು ತಿಂಗಳು ಸಾಕ್ಷಿ ಹೇಳುತ್ತಿರುವುದು ಆ ಮೀಟರೇ.

ಇನ್ನೊಬ್ಬರು

ಮೇಡಂ, ನಮ್ಮದು ಸ್ವಲ್ಪ ಬೇರೆ. ತೋಟದ ಮನೆ ನೋಡಿಕೊಳ್ಳಲು ಇಟ್ಟವರು 14 ವರ್ಷದಿಂದ ಅಲ್ಲೇ ಇದ್ದಾರೆ. ಈಗ ಮಾರುತ್ತೇವೆ ಅಂದರೆ 12 ವರ್ಷ ದಾಟಿದೆ, ಮನೆ ನಮ್ಮದು ಅನ್ನುತ್ತಾರೆ.

ವಕೀಲರ ಉತ್ತರ

12 ವರ್ಷ ಇದ್ದ ಮಾತ್ರಕ್ಕೆ ಆಗುವುದಿಲ್ಲ. ನೀವು ಇರಿ ಅಂದಿದ್ದಕ್ಕೆ ಅವರು ಇದ್ದರು. ಮಾಲೀಕರ ವಿರುದ್ಧವಾಗಿ, ನಮ್ಮದೇ ಅಂತ 12 ವರ್ಷ ಕೂತು ಹಕ್ಕು ಪಡೆಯುವುದಕ್ಕೆ ಪ್ರತಿಕೂಲ ಸ್ವಾಧೀನ ಅನ್ನುತ್ತಾರೆ; ಒಪ್ಪಿಗೆಯ ಮೇಲೆ ಇದ್ದದ್ದು ಅದಲ್ಲ. ಕಾವಲುಗಾರ, ಕೆಲಸದವರು, ಸುಮ್ನೆ ಇರಲು ಬಿಟ್ಟ ನೆಂಟರು ಎಷ್ಟೇ ವರ್ಷ ಇದ್ದರೂ ಸ್ವತ್ತಿನಲ್ಲಿ ಹಕ್ಕು ಪಡೆಯುವುದಿಲ್ಲ ಅಂತ 2012ರಲ್ಲಿ ಮರಿಯಾ ಮಾರ್ಗರಿಡಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಸಂಬಳ ಕೊಟ್ಟ ಲೆಕ್ಕ, ಹಾಕಿದ ಮನಿಯಾರ್ಡರ್, ಕಂದಾಯ ಕಟ್ಟಿದ ರಸೀದಿ, ಏನಿದ್ದರೂ ಒಟ್ಟು ಮಾಡಿ.

ಇಲ್ಲಿ ಎಲ್ಲರಿಗೂ ಒಂದು ಮಾತು. ಮಾರಿದರೆ 12 ವರ್ಷದ ಲೆಕ್ಕ ಹೊಸದಾಗಿ ಶುರುವಾಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಇಲ್ಲ. ಮಾಲೀಕರ ಹೆಸರು ಬದಲಾದರೂ ಗಡಿಯಾರ ನಿಲ್ಲುವುದಿಲ್ಲ. ಹತ್ತು ವರ್ಷ ಕಳೆದಿದ್ದರೆ ಕೊಂಡವರಿಗೆ ಸಿಗುವುದು ಎರಡೇ ವರ್ಷ. ತಿಳಿದ ಪಾರ್ಟಿ ಮೊದಲು ಕೇಳುವುದೇ ಯಾವಾಗಿಂದ ಇದ್ದಾರೆ ಅಂತ.

ವಿದೇಶದಿಂದ ಇಬ್ಬರು ಸದಸ್ಯರು ಕೇಳಿದ್ದು

ಇಂಗ್ಲೆಂಡಿನಲ್ಲಿ, ಅಮೆರಿಕದ ಫ್ಲಾರಿಡಾದಲ್ಲಿ ಇಂಥ ಮನೆ ಇದ್ದರೆ ಇದೇ ಕಥೆಯಾ?

ವಕೀಲರ ಉತ್ತರ

ಎರಡೂ ಕಡೆ ನಮ್ಮಲ್ಲಿಗಿಂತ ಬೇಗ ಆಗುತ್ತದೆ. ಇಂಗ್ಲೆಂಡಿನಲ್ಲಿ ವಾಸದ ಮನೆಗೆ ಹೀಗೆ ನುಗ್ಗಿ ಕೂರುವುದು 2012ರ ಸೆಪ್ಟೆಂಬರ್ 1ರಿಂದ ನೇರವಾಗಿ ಅಪರಾಧ. ಸಿವಿಲ್ ಕೋರ್ಟಿನಲ್ಲಿ ಮಧ್ಯಂತರ ಸ್ವಾಧೀನ ಆದೇಶವೂ ಇದೆ, ಆದರೆ ಗೊತ್ತಾದ 28 ದಿನದೊಳಗೆ ಅರ್ಜಿ ಹಾಕಬೇಕು. ಫ್ಲಾರಿಡಾದಲ್ಲಿ 2024ರ ಜುಲೈ 1ರಿಂದ ಬಂದ ಕಾನೂನಿನಲ್ಲಿ ಮಾಲೀಕರು ಪ್ರಮಾಣ ಮಾಡಿ ದೂರು ಕೊಟ್ಟರೆ ಶೆರಿಫ್ (ಅಲ್ಲಿನ ಪೊಲೀಸ್ ಅಧಿಕಾರಿ) ಬಂದು ಹೊರಗೆ ಕಳಿಸಬಹುದು. ಬಾಡಿಗೆದಾರರಿಗೆ, ಹಿಂದೆ ಬಾಡಿಗೆಗಿದ್ದವರಿಗೆ, ಮಾಲೀಕರ ಹತ್ತಿರದ ಕುಟುಂಬದವರಿಗೆ ಅದು ಅನ್ವಯಿಸುವುದಿಲ್ಲ. ಇಷ್ಟು ಹತ್ತಿರದ ದಾರಿ ಇರುವ ಕಡೆ ಅರ್ಧ ಬೆಲೆಗೆ ಕೊಟ್ಟುಬಿಡುವುದು ಇನ್ನೂ ದೊಡ್ಡ ನಷ್ಟ. ಮೊದಲು ಅಲ್ಲಿನ ವಕೀಲರನ್ನು ನೋಡಿ, ಆಮೇಲೆ ಪಾರ್ಟಿಯನ್ನು.

ಪ್ರಶ್ನೆ ಕೇಳಿದವರು

ತಂಗಿಗೆ ಎಲ್ಲ ಓದಿ ಹೇಳಿದೆ ಮೇಡಂ. ದಾವೆ ಹಾಕೋಣ ಅಂದಳು. ಒಂದೇ ಅನುಮಾನ. ದಾವೆ ಹಾಕಿದ ಮೇಲೆ ಆಗಲ್ಲ ಅನ್ನಿಸಿದರೆ ಮಾರಲು ಬರುತ್ತದಾ?

ವಕೀಲರ ಉತ್ತರ

ಬರುತ್ತದೆ. ಕೇಸು ನಡೆಯುತ್ತಿದ್ದರೂ ಮಾರಬಹುದು. ಕೊಂಡವರು ತೀರ್ಪಿಗೆ ಬದ್ಧರಾಗುತ್ತಾರೆ, ನಿಮ್ಮ ಜಾಗದಲ್ಲಿ ನಿಂತು ಕೇಸು ಮುಂದುವರಿಸಲು ಕೋರ್ಟನ್ನು ಕೇಳಬಹುದು. ಗಡುವಿನೊಳಗೆ ದಾವೆ ಹಾಕಿದ ಮನೆಗೂ ಏನೂ ಮಾಡದೆ ಬಿಟ್ಟ ಮನೆಗೂ ಪಾರ್ಟಿ ಒಂದೇ ಬೆಲೆ ಹೇಳುವುದಿಲ್ಲ, ಅದನ್ನು ನೀವೇ ನೋಡುತ್ತೀರಿ. ಆ ಸಂಸಾರ ಸಾಗಾಣಿಕೆ ಖರ್ಚು ಕೊಟ್ಟರೆ ಬಿಡುತ್ತೇವೆ ಅಂದರೆ ಅದಕ್ಕೂ ಮನಸ್ಸು ತೆರೆದಿಡಿ. ಆದರೆ ಹಣ ಕೊಡುವುದು ಬೀಗದ ಕೈ ನಿಮ್ಮ ಕೈಗೆ ಬಂದ ಮೇಲೆ, ಕೋರ್ಟಿನಲ್ಲಿ ರಾಜಿ ದಾಖಲಾದ ಮೇಲೆ.

ಸೋಮವಾರ ಅಲ್ಲಿನ ವಕೀಲರ ಹತ್ತಿರ ಹೋಗುವಾಗ ಅಪ್ಪನ ಕ್ರಯಪತ್ರ, ಮರಣ ಪ್ರಮಾಣಪತ್ರ, ಕಂದಾಯದ ರಸೀದಿ, ಕಳೆದ ಒಂದೂವರೆ ವರ್ಷದ ಅಷ್ಟೂ ಕರೆಂಟ್ ಬಿಲ್ ಹಿಡಿದುಕೊಂಡು ಹೋಗಿ. ಬಿಲ್ಲಿನ ಮೇಲಿನ ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ಸಂಖ್ಯೆ) ಮನೆಯ ಮೀಟರಿನದ್ದೇ ಅಂತ ತೋರಿಸಬೇಕಾಗುತ್ತದೆ. ಮೀಟರ್ ಹೊರಗಡೆ ಇದ್ದರೆ ನಂಬರ್ ಕಾಣುವ ಹಾಗೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.