ಸಹಾಯ ಬೇಕು: ಬೀಡಿ ಸೇದುವ ತಂದೆಯವರು ಬೀಟಾ ಕ್ಯಾರೊಟಿನ್ ಇರುವ ಮಾತ್ರೆ ಸೇವಿಸುತ್ತಿದ್ದಾರೆ

ನಮಸ್ಕಾರ. ನಾವು ಉಡುಪಿ ಸಮೀಪದ ಮಲ್ಪೆಯವರು. ಅರುವತ್ತು ದಾಟಿದ ನನ್ನ ತಂದೆಯವರು ಬಹುಕಾಲದಿಂದ ಬೀಡಿ ಸೇದುವವರಾಗಿದ್ದು, ಕ್ಯಾನ್ಸರ್ ಬಾರದಿರಲೆಂದು ಸಂಬಂಧಿಕರೊಬ್ಬರು ತಂದುಕೊಟ್ಟ ವಿಟಮಿನ್ ಮಾತ್ರೆಗಳನ್ನು ದಿನವೂ ನುಂಗತೊಡಗಿದ್ದಾರೆ. ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಬೀಟಾ ಕ್ಯಾರೊಟಿನ್ (ದೇಹದಲ್ಲಿ ವಿಟಮಿನ್ ಎ ಆಗಿ ಬದಲಾಗುವ ವಸ್ತು) ಎಂದಿರುವುದೇ ನನ್ನ ಚಿಂತೆ. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಪುರುಷರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಸುಮಾರು ಶೇ. 18ರಷ್ಟು ಹೆಚ್ಚು ಕಂಡುಬಂದಿತ್ತು. ಅಮೆರಿಕದ ಇಂಥದೇ ಇನ್ನೊಂದು ಪ್ರಯೋಗವನ್ನು 1996ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಬೀಟಾ ಕ್ಯಾರೊಟಿನ್ ಸಹಜವಾಗಿಯೇ ಇರುವ ಹರಿವೆ, ನುಗ್ಗೆಸೊಪ್ಪು, ಪಪ್ಪಾಯಿಗಳನ್ನು ತಿನ್ನುವವರಲ್ಲಿ ಇಂಥ ಅಪಾಯ ಕಂಡುಬಂದಿಲ್ಲ. ಅವು ನಮ್ಮ ಹಿತ್ತಿಲಲ್ಲೇ ಇವೆ. ಆದರೆ ಮಾತ್ರೆಯ ಮೇಲಿನ ನಂಬಿಕೆಯಿಂದ ತಂದೆಯವರು ಬೀಡಿ ಬಿಡುವ ಮಾತನ್ನೇ ಕೈಬಿಟ್ಟಿದ್ದಾರೆ, ನನಗೆ ಹೆಚ್ಚು ಸಂಕಟವಾಗುತ್ತಿರುವುದು ಇದರಿಂದ.

ಆದ್ದರಿಂದ ಉಡುಪಿ, ಮಣಿಪಾಲ ಅಥವಾ ಮಂಗಳೂರಿನಲ್ಲಿ ಮಾತ್ರೆಯ ಡಬ್ಬಿಯನ್ನು ನೋಡಿ, ಹಿರಿಯರಿಗೆ ತಾಳ್ಮೆಯಿಂದ ತುಳುವಿನಲ್ಲಿ ವಿವರಿಸಬಲ್ಲ ವೈದ್ಯರು ಅಥವಾ ಆಹಾರತಜ್ಞರು ತಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಮನೆಯ ಹಿರಿಯರಿಂದ ಬೀಡಿ ಬಿಡಿಸಿದ ಅನುಭವವಿರುವವರು, ಯಾವ ಸಲಹಾ ಕೇಂದ್ರದಿಂದ ಪ್ರಯೋಜನವಾಯಿತೆಂಬುದನ್ನೂ ಬರೆಯಬೇಕಾಗಿ ವಿನಂತಿ.