ಗ್ರೇಡ್ 1 ಫ್ಯಾಟಿ ಲಿವರ್ ಅಂತ ಬಂದಿದೆ. ಕುಡಿಯದವರಿಗೂ ಹೀಗಾಗುತ್ತದಾ?

ರಾಜಾಜಿನಗರದವಳು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರಿಗೆ 44 ವರ್ಷ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಹೋದ ವಾರ ಕಂಪನಿ ಕಡೆಯಿಂದ ಹೆಲ್ತ್ ಚೆಕಪ್ ಆಯಿತು. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ "ಗ್ರೇಡ್ 1 ಫ್ಯಾಟಿ ಲಿವರ್" ಅಂತ ಬರೆದಿದ್ದಾರೆ. ಎಸ್‌ಜಿಪಿಟಿ 68, ಎಸ್‌ಜಿಒಟಿ 41, ಬಿಲಿರುಬಿನ್ 0.8, ಪ್ಲೇಟ್‌ಲೆಟ್ 2.4 ಲಕ್ಷ. ಎಸ್‌ಜಿಪಿಟಿಯನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ಅದನ್ನು ನೋಡಿದಾಗಿನಿಂದ ನನಗೆ ನಿದ್ದೆ ಇಲ್ಲ.

ಇವರು ಒಂದು ಹನಿಯೂ ಕುಡಿಯುವುದಿಲ್ಲ. ಕಾಫಿ ಮಾತ್ರ ದಿನಕ್ಕೆ ನಾಲ್ಕು ಲೋಟ. ತೂಕ 81 ಕೆಜಿ, ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಬಂದಿದೆ. ನೋವಿಲ್ಲ. ಸುಸ್ತು ಅಂತಾರೆ, ಆದರೆ ನೈಟ್ ಶಿಫ್ಟ್ ಮಾಡುವವರಿಗೆ ಸುಸ್ತು ಇದ್ದೇ ಇರುತ್ತದೆ, ಅಲ್ವಾ? ನಮ್ಮತ್ತೆ "ಪಿತ್ತ ಜಾಸ್ತಿಯಾಗಿದೆ" ಅಂತಾರೆ. ಪಕ್ಕದ ಮನೆ ಆಂಟಿ ದಿನಾ ಅಮೃತಬಳ್ಳಿ ಕಷಾಯ ಕೊಡು ಅಂತ ಬಳ್ಳಿಯನ್ನೇ ತಂದುಕೊಟ್ಟಿದ್ದಾರೆ. ಕೊಡಬಹುದಾ? ಲಿವರ್ ನಿಜವಾಗಿ ಕಷ್ಟಪಡುತ್ತಿದ್ದರೆ ಮನೆಯವರಿಗೆ ಹೇಗೆ ಗೊತ್ತಾಗುತ್ತದೆ?

ಯಲಹಂಕದಿಂದ:

ನನಗೂ ಎರಡು ವರ್ಷದ ಹಿಂದೆ ಇದೇ ಬಂದಿತ್ತು ಮೇಡಂ. ಎಸ್‌ಜಿಪಿಟಿ 92. ಡಾಕ್ಟರ್ ಒಂದು ಮಾತ್ರೆಯನ್ನೂ ಬರೆಯಲಿಲ್ಲ, ತೂಕ ಇಳಿಸಿ ಬನ್ನಿ ಅಂದರು. ಸಂಜೆ ಬೇಕರಿ ಮುಂದೆ ನಿಂತು ಪಫ್ಸ್, ದಿಲ್‌ಪಸಂದ್ ತಿನ್ನುವುದು ಬಿಟ್ಟೆ. ದಿನಾ ಮುಕ್ಕಾಲು ಗಂಟೆ ನಡೆಯುತ್ತೇನೆ. 86 ಇದ್ದವನು ಈಗ 78. ಎಸ್‌ಜಿಪಿಟಿ 34. ಹೆದರಬೇಡಿ.

ಲ್ಯಾಬ್ ಅಕ್ಕ, ಬಸವನಗುಡಿ:

ತಂಗಿ, ನಾನು ಡಾಕ್ಟರ್ ಅಲ್ಲ. 31 ವರ್ಷ ಆಸ್ಪತ್ರೆಯ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಎಸ್‌ಜಿಪಿಟಿ ಟೆಸ್ಟನ್ನು ಸಾವಿರಾರು ಸಲ ಮಾಡಿದ್ದೇನೆ. ಆ ಒಂದು ನಂಬರ್ ನೋಡಿ ಹೆದರುವುದೂ ಬೇಡ, ಅದು ಸರಿ ಇದೆ ಅಂತ ಸುಮ್ನೆ ಕೂರುವುದೂ ಬೇಡ. ಎರಡನೆಯದನ್ನು ನಾನು ನನ್ನ ಅಣ್ಣನಿಂದ ಕಲಿತೆ.

ಎಸ್‌ಜಿಪಿಟಿ ಲಿವರ್ ಜೀವಕೋಶಗಳ ಒಳಗಿರುವ ಒಂದು ಕಿಣ್ವ. ಜೀವಕೋಶಕ್ಕೆ ಪೆಟ್ಟಾದರೆ ರಕ್ತಕ್ಕೆ ಸೋರುತ್ತದೆ. ಅಕ್ಕಿ ಮೂಟೆಗೆ ಇಲಿ ತೂತು ಮಾಡಿದ ಹಾಗೆ. ನೆಲದ ಮೇಲಿನ ಅಕ್ಕಿ ನೋಡಿದರೆ ತೂತು ಬಿದ್ದಿದೆ ಅಂತ ಗೊತ್ತಾಗುತ್ತದೆ. ಮೂಟೆಯಲ್ಲಿ ಎಷ್ಟು ಉಳಿದಿದೆ ಅಂತ ಗೊತ್ತಾಗುವುದಿಲ್ಲ. ಮೂಟೆ ಖಾಲಿಯಾಗುತ್ತಾ ಬಂದರೆ ಸೋರುವುದೂ ಕಡಿಮೆ.

ಅಣ್ಣನಿಗೆ ಶ್ರೀನಗರದಲ್ಲಿ ದಿನಸಿ ಅಂಗಡಿ ಇತ್ತು. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಕುಡಿತ ಇರಲಿಲ್ಲ. 58ನೇ ವಯಸ್ಸಿನಲ್ಲಿ ಎಸ್‌ಜಿಪಿಟಿ 36. ರಿಪೋರ್ಟ್ ಕೈಯಲ್ಲಿ ಹಿಡಿದು "ಲಿವರ್ ಚೆನ್ನಾಗಿದೆ ಅಣ್ಣ" ಅಂದವಳು ನಾನೇ. ಅದೇ ಹಾಳೆಯಲ್ಲಿ ಎಸ್‌ಜಿಒಟಿ (ಅಂಥದ್ದೇ ಇನ್ನೊಂದು ಕಿಣ್ವ) 61, ಪ್ಲೇಟ್‌ಲೆಟ್ 92 ಸಾವಿರ ಇತ್ತು. ಜೋಡಿಸಿ ನೋಡಲಿಲ್ಲ.

ಲಿವರ್ ಸುಮಾರು ಒಂದೂವರೆ ಕೆಜಿ ಇರುತ್ತದೆ, ಬಲಗಡೆ ಪಕ್ಕೆಲುಬಿನ ಕೆಳಗೆ. ತಿಂದದ್ದು ಕರುಳಿನಿಂದ ರಕ್ತಕ್ಕೆ ಸೇರಿದ ಮೇಲೆ ಆ ರಕ್ತ ಮೊದಲು ಹೋಗುವುದು ಅಲ್ಲಿಗೆ. ಲಿವರ್‌ಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಈ ದಾರಿಯದ್ದೇ. ಬಂದ ಸಕ್ಕರೆಯಲ್ಲಿ ಸ್ವಲ್ಪವನ್ನು ಗ್ಲೈಕೋಜನ್ ಮಾಡಿ ಕೂಡಿಡುತ್ತದೆ, ಮಿತಿಮೀರಿ ಬಂದದ್ದನ್ನು ಕೊಬ್ಬಾಗಿಸುತ್ತದೆ. ಕುಡಿಯದವರಿಗೂ ಹೀಗೇ ಕೊಬ್ಬು ತುಂಬುತ್ತದೆ. ಕೆಲವರಿಗೆ ಅದರಿಂದ ಉರಿಯೂತ ಶುರುವಾಗಿ, ವರ್ಷಗಟ್ಟಲೆ ಮುಂದುವರಿದು, ಗಾಯದ ಕಲೆಯಂಥ ನಾರು ಬೆಳೆಯುತ್ತದೆ. ಆಗ ರಕ್ತ ನುಗ್ಗಲು ದಾರಿ ಸಿಗದೆ ಹಿಂದಕ್ಕೆ ಒತ್ತುತ್ತದೆ. ಹೂಳು ತುಂಬಿದ ರಾಜಕಾಲುವೆ ಮಳೆ ಬಂದಾಗ ಹಿಂದಿನ ಬೀದಿಗೆ ನುಗ್ಗುವುದಿಲ್ವಾ, ಹಾಗೆ. ಗುಲ್ಮ (ಸ್ಪ್ಲೀನ್) ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ 92 ಸಾವಿರ ಹೇಳುತ್ತಿದ್ದದ್ದು ಇದನ್ನೇ. ನೋವಂತೂ ಇರಲಿಲ್ಲ. ಲಿವರ್‌ನ ಹೊದಿಕೆಗೆ ನೋವು ಗೊತ್ತಾಗುತ್ತದೆ, ಒಳಗಿನ ಭಾಗಕ್ಕೆ ಗೊತ್ತಾಗುವುದಿಲ್ಲ.

ಮೊದಲು ಸಂಜೆ ಹೊತ್ತು ಪಾದ ಊದಿತು. ಅಂಗಡಿಯಲ್ಲಿ ನಿಂತು ನಿಂತು ಅಂದುಕೊಂಡೆವು. ಹೊಟ್ಟೆ ದೊಡ್ಡದಾಗುತ್ತಾ ತೋಳು ಬಡಕಲಾಯಿತು. ಸ್ವಲ್ಪ ತಾಗಿದರೂ ಚರ್ಮ ನೀಲಿಗಟ್ಟುತ್ತಿತ್ತು. ನೀರನ್ನು ರಕ್ತನಾಳದೊಳಗೆ ಹಿಡಿದಿಡುವ ಆಲ್ಬುಮಿನ್, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳು, ಎಲ್ಲವನ್ನೂ ಮಾಡುವುದು ಲಿವರೇ. ಆಮೇಲೆ ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಎಚ್ಚರ. ಪೈಸೆ ಲೆಕ್ಕ ತಪ್ಪದವನು ಗಿರಾಕಿಗಳಿಗೆ ಚಿಲ್ಲರೆ ತಪ್ಪಿ ಕೊಡತೊಡಗಿದ. ಕರುಳಿನಲ್ಲಿ ಹುಟ್ಟುವ ಅಮೋನಿಯಾವನ್ನು ಲಿವರ್ ಯೂರಿಯಾ ಮಾಡಿ ಮೂತ್ರದ ದಾರಿಗೆ ಕಳಿಸಬೇಕು. ಅದು ಆಗದೆ ಮೆದುಳಿಗೆ ಏರುತ್ತಿತ್ತು. ನಾವು ವಯಸ್ಸಾಯಿತು ಅಂದೆವು. ಒಂದು ಬೆಳಗಿನ ಜಾವ ರಕ್ತ ವಾಂತಿ ಮಾಡಿಕೊಂಡ. ಸಿರೋಸಿಸ್, ಅಂದರೆ ಲಿವರ್ ತುಂಬ ಆ ನಾರು ಬೆಳೆದು ಗಟ್ಟಿಯಾಗಿತ್ತು. ಹದಿನಾಲ್ಕು ತಿಂಗಳು ಇದ್ದ. ಕಣ್ಣು ಹಳದಿಯಾದದ್ದು ಕೊನೆಗೆ. ಲಿವರ್ ಕೆಟ್ಟರೆ ಮೊದಲು ಕಾಮಾಲೆಯೇ ಬರಬೇಕು ಅಂತ ಮನೆಯವರೆಲ್ಲ ನಂಬಿದ್ದೆವು.

ಕಾಮಾಲೆ ಮೊದಲೇ ಕಾಣಿಸುವವರೂ ಇದ್ದಾರೆ. ಲ್ಯಾಬ್‌ನಲ್ಲಿ ರಕ್ತವನ್ನು ಗರಗರ ತಿರುಗಿಸುವ ಸೆಂಟ್ರಿಫ್ಯೂಜ್‌ನಿಂದ ತೆಗೆದ ಟ್ಯೂಬ್‌ನಲ್ಲಿ ಮೇಲೆ ನಿಲ್ಲುವ ತಿಳಿ, ಸೀರಮ್, ಒಣಹುಲ್ಲಿನ ಬಣ್ಣ ಇರಬೇಕು, ಅವರದ್ದು ಅರಿಶಿನ ಕದಡಿದ ಹಾಗೆ. ಹಗಲಲ್ಲಿ ಅವರನ್ನು ಕಿಟಕಿ ಹತ್ತಿರ ನಿಲ್ಲಿಸಿ ಕಣ್ಣು ನೋಡು, ಟ್ಯೂಬ್‌ಲೈಟ್ ಕೆಳಗೆ ಸರಿಯಾಗಿ ಕಾಣುವುದಿಲ್ಲ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ಬಂದರೆ, ಮಲ ಬಿಳಿಚಿಕೊಂಡರೆ, ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ರಕ್ತ ವಾಂತಿ, ಟಾರಿನಂಥ ಕಪ್ಪು ಮಲ, ಬುದ್ಧಿ ಗಲಿಬಿಲಿ ಆದರೆ ನೇರ ಎಮರ್ಜೆನ್ಸಿಗೆ.

ಈಗ ನಿಮ್ಮವರ ವಿಷಯ. ಡಾಕ್ಟರುಗಳು ಬಳಸುವ ಫಿಬ್-4 ಅಂತ ಒಂದು ಲೆಕ್ಕ ಇದೆ. ವಯಸ್ಸು, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಸಾಕು. ನೀನು ಕೊಟ್ಟ ನಂಬರ್‌ಗಳಿಗೆ 0.91 ಬಂತು. 1.3ಕ್ಕಿಂತ ಕಡಿಮೆ ಇದ್ದರೆ ನಾರು ಜಾಸ್ತಿ ಬೆಳೆದಿರುವ ಸಾಧ್ಯತೆ ಕಡಿಮೆ. ಅಣ್ಣ ಹೋದ ಮೇಲೆ ಅವನ ಆ ಹಳೇ ಹಾಳೆಗೂ ಇದೇ ಲೆಕ್ಕ ಹಾಕಿದ್ದೆ. 6.4.

ಕಷಾಯ ಕೊಡಬೇಡ. ಅಮೃತಬಳ್ಳಿ ಕುಡಿದ ಕೆಲವರಿಗೆ ಲಿವರ್‌ಗೆ ಪೆಟ್ಟಾದದ್ದನ್ನು 2021ರಲ್ಲಿ ಮುಂಬೈನ ಡಾಕ್ಟರುಗಳು ವರದಿ ಮಾಡಿದ್ದಾರೆ. ಆಂಟಿಗೆ ಬೇಜಾರಾಗದ ಹಾಗೆ ಬಳ್ಳಿಯನ್ನು ಕುಂಡದಲ್ಲಿ ನೆಟ್ಟುಬಿಡು. ಅತ್ತೆಯವರು ಹೇಳುವ ಪಿತ್ತ ಬೇರೆ. ಲಿವರ್ ದಿನಾ ಮಾಡುವ ಪಿತ್ತರಸ ನಮಗೆ ಬೇಕೇ ಬೇಕು, ಅದಿಲ್ಲದೆ ತುಪ್ಪ, ಎಣ್ಣೆ ಸರಿಯಾಗಿ ಜೀರ್ಣವಾಗುವುದಿಲ್ಲ.

ರಾಜಾಜಿನಗರದವಳು:

ಅಕ್ಕ, ಓದಿ ಅಳು ಬಂತು. ನಿಮ್ಮ ಅಣ್ಣನ ವಿಷಯ ಬರೆಯಲು ಎಷ್ಟು ಕಷ್ಟವಾಯಿತೋ. ಇವರಿಗೂ ಓದಿ ಹೇಳಿದೆ. ಕಾಫಿ ಬಿಡಬೇಕಾ ಅಂತ ಕೇಳುತ್ತಿದ್ದಾರೆ. ರಿಪೋರ್ಟ್‌ನಲ್ಲಿ ಖಾಲಿ ಹೊಟ್ಟೆಯ ಶುಗರ್ 118 ಅಂತ ಇದೆ. ಮೊದಲು ಅದನ್ನು ಗಮನಿಸಲೇ ಇಲ್ಲ.

ಲ್ಯಾಬ್ ಅಕ್ಕ, ಬಸವನಗುಡಿ:

ಕಾಫಿ ಬಿಡುವುದು ಬೇಡ. ಕಾಫಿ ಕುಡಿಯುವವರಲ್ಲಿ ಸಿರೋಸಿಸ್ ಕಡಿಮೆ ಅಂತ ಎಷ್ಟೋ ಅಧ್ಯಯನಗಳಲ್ಲಿ ಕಂಡಿದೆ. ಸಕ್ಕರೆ ಬಿಡಲಿ. ಲೋಟಕ್ಕೆ ಎರಡು ಚಮಚ ಅಂದರೆ ದಿನಕ್ಕೆ ಎಂಟು ಚಮಚ.

118 ಅಂದರೆ ಗಡಿ ದಾಟಿದೆ, 100ರ ಒಳಗೆ ಇರಬೇಕಿತ್ತು. ಎಸ್‌ಜಿಪಿಟಿಗಿಂತ ನನಗೆ ಇದೇ ಯೋಚನೆ. ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಟೆಸ್ಟ್) ಮಾಡಿಸು. ಹೆಪಟೈಟಿಸ್ ಬಿ, ಸಿ ಟೆಸ್ಟ್ ಆಗಿಲ್ಲದಿದ್ದರೆ ಅದನ್ನೂ ಕೇಳು. ತೂಕ ಆರರಿಂದ ಎಂಟು ಕೆಜಿ ಇಳಿದರೆ ಕೊಬ್ಬೂ ಉರಿಯೂತವೂ ಇಳಿಯುತ್ತದೆ, ನಿಧಾನಕ್ಕೆ ಇಳಿಸಲಿ. ನೈಟ್ ಶಿಫ್ಟ್ ಮುಗಿಸಿ ಬಂದ ದಿನ ನಡೆಯಲು ಎಬ್ಬಿಸಬೇಡ, ಮಲಗಲಿ. ಡಾಕ್ಟರ್ ಹತ್ತಿರ ಹೋಗುವಾಗ ಎಲ್ಲ ಹಾಳೆಗಳನ್ನೂ ತೆಗೆದುಕೊಂಡು ಹೋಗು, ದಪ್ಪ ಅಕ್ಷರ ಇರುವುದನ್ನು ಮಾತ್ರ ಅಲ್ಲ. ಹೋಗಿ ಬಂದು ಇಲ್ಲಿ ಬರಿ, ಕಾಯುತ್ತಿರುತ್ತೇನೆ.