‘ಯಾರ್ನ್’ ಅಂದರೆ ನೂಲು, ಅದು ಕಥೆ ಆಗಿದ್ದು ಹೇಗೆ?

ಮಲೆನಾಡ ಓದುಗ
ಹಾಯಿ ಹಡಗಿನ ಕಾಲದ ಇಂಗ್ಲಿಷ್ ಕಥೆಗಳನ್ನು ಓದುತ್ತಿದ್ದೇನೆ. ‘ಸ್ಪಿನ್ ಎ ಯಾರ್ನ್’ ಅನ್ನೋ ಮಾತು ಪದೇ ಪದೇ ಬರುತ್ತದೆ. ನೂಲು ತೆಗೆಯುವುದು ಅಂತ ನೇರ ಅರ್ಥ, ಆದರೆ ಅಲ್ಲಿ ಎಲ್ಲರೂ ಡೆಕ್ ಮೇಲೆ ಕೂತು ಕಥೆ ಹೇಳುತ್ತಿದ್ದಾರೆ. ನಾವೂ ಕಥೆ ಹೆಣೆಯುತ್ತೇವೆ, ರೀಲು ಬಿಡುತ್ತೇವೆ, ಹಾಗಾಗಿ ಏನೋ ಒಂದು ಹೊಳೆಯುತ್ತದೆ. ಆದರೆ ನಾವಿಕರ ಬಾಯಲ್ಲೇ ಯಾಕೆ ಇದು ಇಷ್ಟು ಜಾಸ್ತಿ? ಇದರಲ್ಲಿ ಸುಳ್ಳು ಅನ್ನೋ ಅರ್ಥ ಇದೆಯಾ, ಇಲ್ಲ ಸುಮ್ನೆ ಕಥೆ ಅಂತಲೇನಾ?

ಹಗ್ಗದ ಗಂಟು
ನಾವಿಕರಿಗೆ ನೂಲಿನ ಕೆಲಸ ನಿಜಕ್ಕೂ ಇತ್ತು. ಹಾಯಿ ಹಡಗಿನಲ್ಲಿ ಎಲ್ಲಿ ನೋಡಿದರೂ ಹಗ್ಗ. ನಾರು ಹೊಸೆದರೆ ಯಾರ್ನ್, ಹಲವು ಯಾರ್ನ್ ಸೇರಿದರೆ ಒಂದು ಎಳೆ, ಎಳೆಗಳು ಸೇರಿದರೆ ಹಗ್ಗ. ಸವೆದ ಹಗ್ಗವನ್ನೂ ಬಿಸಾಡುತ್ತಿರಲಿಲ್ಲ, ಬಿಚ್ಚಿ, ಟಾರು ಹಚ್ಚಿ, ಮತ್ತೆ ಹೊಸೆದು ತೆಳು ಹುರಿ ಮಾಡಿಕೊಳ್ಳುತ್ತಿದ್ದರು. ಅದಕ್ಕೆ ‘ಸ್ಪನ್ ಯಾರ್ನ್’ ಅಂತಲೇ ಹೆಸರು. ಕೈಗೆ ಕೆಲಸ, ಬಾಯಿಗೆ ಬಿಡುವು. ಆ ಕೆಲಸದ ಹೆಸರೇ ಮಾತಿಗೂ ಅಂಟಿಕೊಂಡಿತು ಅನ್ನೋದು ಸಾಮಾನ್ಯವಾಗಿ ಕೊಡುವ ವಿವರಣೆ, ನನಗೂ ಅದೇ ಸರಿ ಅನ್ನಿಸುತ್ತದೆ.

ಆದರೆ ಒಂದು ಮುಖ್ಯವಾದ ಹಳೇ ದಾಖಲೆ ಸಿಗುವುದು ಹಡಗಿನಲ್ಲಲ್ಲ, ಕೈದಿಗಳ ನಡುವೆ. ಜೇಮ್ಸ್ ಹಾರ್ಡಿ ವಾಕ್ಸ್ ಅಂತ ಒಬ್ಬ ಇಂಗ್ಲಿಷ್ ಕಳ್ಳ. ಶಿಕ್ಷೆಯಾಗಿ ನ್ಯೂ ಸೌತ್ ವೇಲ್ಸ್‌ಗೆ ಗಡಿಪಾರಾಗಿದ್ದಾಗ, 1812ರಲ್ಲಿ, ಕಳ್ಳರ ಗುಟ್ಟಿನ ಮಾತುಗಳ ಒಂದು ಪದಪಟ್ಟಿ ಬರೆದ. 1819ರಲ್ಲಿ ಅದು ಅಚ್ಚಾಯಿತು. ತಮ್ಮ ಸಾಹಸಗಳನ್ನು, ತಪ್ಪಿಸಿಕೊಂಡ ಕಥೆಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದೇ ಯಾರ್ನ್ ಅನ್ನುತ್ತಾನೆ. ಸೆರೆಯಲ್ಲಿ, ಗಡಿಪಾರಿನಲ್ಲಿ ಇರುವವರಿಗೆ ಬೇಸರ ಕಳೆಯಲು ಇದು ಬಹಳ ಇಷ್ಟ, ಹಳೇ ಸುಖ ಮುಂದೊಂದು ದಿನ ಮತ್ತೆ ಸಿಗಬಹುದು ಅನ್ನೋ ಆಸೆಯೂ ಅದರಿಂದ ಒಳಗೊಳಗೇ ಹುಟ್ಟುತ್ತದೆ ಅಂತಲೂ ಸೇರಿಸುತ್ತಾನೆ. ಪದದ ಅರ್ಥ ಬರೆಯಲು ಕೂತವನು ಆ ಜನರ ಮನಸ್ಸನ್ನೂ ಬರೆದಿಟ್ಟಿದ್ದಾನೆ. ಎಷ್ಟು ಸಲ ಓದಿದರೂ ಆ ಜಾಗದಲ್ಲಿ ನಿಂತುಬಿಡುತ್ತೇನೆ.

ಬೇರು ಹುಡುಕುವವ
ಇನ್ನೂ ಹಿಂದಕ್ಕೆ ಹೋದರೆ ಮಜಾ ಇದೆ. ಹಳೇ ಇಂಗ್ಲಿಷಿನಲ್ಲಿ ‘ಗೆಯರ್ನ್’, ಅಂದರೆ ನೂಲು. ಜರ್ಮನ್‌ನಲ್ಲಿ ಇವತ್ತಿಗೂ ‘ಗಾರ್ನ್’. ಆದರೆ ಇದೇ ಬೇರಿನ ಪದಗಳಿಗೆ ಅಕ್ಕಪಕ್ಕದ ಭಾಷೆಗಳಲ್ಲಿ ಕರುಳು ಅಂತ ಅರ್ಥ. ಪ್ರಾಣಿಯ ಕರುಳನ್ನು ಒಣಗಿಸಿ ಹೊಸೆದು ದಾರ, ತಂತಿ ಮಾಡುತ್ತಿದ್ದರಲ್ಲ, ಅದರ ನೆನಪು ಇರಬೇಕು. ಗ್ರೀಕ್‌ನ ‘ಖೋರ್ಡೆ’ ಅಂದರೆ ಕರುಳಿನ ತಂತಿ, ಅದರಿಂದಲೇ ಇಂಗ್ಲಿಷಿನ ‘ಕಾರ್ಡ್’, ಹಗ್ಗ ಅನ್ನೋ ಅರ್ಥದ್ದು. ಡಾಕ್ಟರು ಹೇಳುವ ‘ಹರ್ನಿಯಾ’ ಕೂಡ ಇದೇ ಬಳಗ. ಸಂಸ್ಕೃತದ ‘ಹಿರಾ’, ಅಂದರೆ ರಕ್ತನಾಳ, ಅದನ್ನೂ ಇಲ್ಲಿಗೇ ಸೇರಿಸುತ್ತಾರೆ.

ಕಥೆಗೆ ಇರುವ ‘ಟೇಲ್’ ಅನ್ನೋ ಪದದ ಹಾದಿಯೇ ಬೇರೆ, ಅದಕ್ಕೆ ಎಣಿಕೆಯ ನಂಟು. ಬ್ಯಾಂಕಿನ ಟೆಲ್ಲರ್‌ನಲ್ಲಿ ಆ ಅರ್ಥ ಈಗಲೂ ಉಳಿದಿದೆ.

ಮಲೆನಾಡ ಓದುಗ
ಕರುಳಿನ ವಿಷಯ ನಿರೀಕ್ಷೆಯೇ ಇರಲಿಲ್ಲ, ಇಬ್ಬರಿಗೂ ಥ್ಯಾಂಕ್ಸ್. ಸುಳ್ಳಿನ ಪ್ರಶ್ನೆ ಹಾಗೇ ಉಳಿಯಿತಲ್ಲ?

ಪರ್ತ್ ಕನ್ನಡತಿ
ಅದು ಊರಿನ ಮೇಲೆ ಹೋಗುತ್ತದೆ. ಬ್ರಿಟನ್, ಅಮೆರಿಕದ ಕಡೆ ಯಾರ್ನ್ ಅಂದರೆ ಉದ್ದದ, ಸ್ವಲ್ಪ ಉಪ್ಪು ಖಾರ ಹಚ್ಚಿದ ಕಥೆ. ಕೇಳುವವನಿಗೂ ಅದು ಗೊತ್ತಿರುತ್ತದೆ, ಹಾಗಾಗಿ ಮೋಸ ಅಂತ ಯಾರೂ ಅಂದುಕೊಳ್ಳುವುದಿಲ್ಲ. ನಾನಿರುವ ಆಸ್ಟ್ರೇಲಿಯಾದಲ್ಲಿ ‘ಹ್ಯಾವ್ ಎ ಯಾರ್ನ್’ ಅಂದರೆ ಕೂತು ಹರಟೋಣ ಅಂತ, ಅಷ್ಟೇ.

ಇಲ್ಲಿನ ಮೂಲನಿವಾಸಿಗಳಲ್ಲಿ ಈ ಪದದ ತೂಕವೇ ಬೇರೆ. ‘ಯಾರ್ನಿಂಗ್ ಸರ್ಕಲ್’ ಅಂತ ವೃತ್ತವಾಗಿ ಕೂತು ಮಾತಾಡುತ್ತಾರೆ, ಹಿರಿಯರು ತಿಳಿದದ್ದನ್ನು ಕಿರಿಯರಿಗೆ ದಾಟಿಸುತ್ತಾರೆ, ಒಬ್ಬರು ಮಾತಾಡುವಾಗ ಉಳಿದವರು ಕೇಳಿಸಿಕೊಳ್ಳುತ್ತಾರೆ. ಎಷ್ಟೋ ಶಾಲೆಗಳಲ್ಲಿ ಇದಕ್ಕಾಗಿಯೇ ಜಾಗ ಮಾಡಿದ್ದಾರೆ. ಅಲ್ಲಿ ಸುಳ್ಳಿನ ಮಾತೇ ಬರುವುದಿಲ್ಲ, ಅಲ್ಲಿ ‘ರೀಲು’ ಅಂತ ಅರ್ಥ ಮಾಡಿಕೊಂಡರೆ ಅವರಿಗೆ ಅವಮಾನ ಆಗುತ್ತದೆ. ನಿಮ್ಮ ಹಡಗಿನ ಕಥೆಗಾದರೆ ರೀಲು ಅನ್ನೋದೇ ಹತ್ತಿರ, ಧಾರಾಳವಾಗಿ ಹಾಗೇ ಓದಿಕೊಳ್ಳಿ.